ಯಂತ್ರ ನಿಂತಾಗ ಬರುತ್ತಿದ್ದ ಮೇಡಂ

ಕಾಲುಂಗುರದ ಮೇಲೆ ಗಂಡಸರ ಕಾಲುಚೀಲ ಹಾಕಿಕೊಂಡ ಹೆಂಗಸು ಅಂತ ನಾನು ನೋಡಿದ್ದು ಅವರೊಬ್ಬರನ್ನೇ. ಕಂದು ಬಣ್ಣದ ದಪ್ಪ ಚೀಲ. ಹಿಮ್ಮಡಿ ಹರಿದು ಕಪ್ಪು ದಾರದಲ್ಲಿ ಹೊಲಿದದ್ದು. ಬೆರಳಿನ ಜಾಗದಲ್ಲಿ ಕಾಲುಂಗುರ ಒಳಗಿನಿಂದ ಉಬ್ಬಿಕೊಂಡು ಕಾಣುತ್ತಿತ್ತು. ಮೇಲೆ ಇಳಕಲ್ ಸೀರೆ, ಕೈಯಲ್ಲಿ ಸ್ಕ್ರೂಡ್ರೈವರ್. ಮೊದಲ ಸಲ ನೋಡಿದಾಗ ನಾನು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆ. ಅವರು ತಿರುಗಿ ನೋಡಿ, "ನಗ್ರಿ, ನಗ್ರಿ. ಈ ನೆಲದ ಮ್ಯಾಲೆ ತಾಸುಗಟ್ಟಲೆ ಬರಿಗಾಲಿಲೆ ನಿಂತು ನೋಡ್ರಿ, ಆಮ್ಯಾಲೆ ನೀವೂ ಮನಿಯವರ ಚೀಲ ಕದೀತೀರಿ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಆಗ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೋಣೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಧೂಳು ಹೋಗುತ್ತದೆ ಅಂತ. ಮ್ಯಾನೇಜರಾಗಲಿ ಯಾರೇ ಆಗಲಿ, ದೇವಸ್ಥಾನದಲ್ಲಿ ಬಿಟ್ಟ ಹಾಗೆ ಬಾಗಿಲಲ್ಲಿ ಬಿಟ್ಟು ಹೋಗಬೇಕು. ಒಳಗೆ ಏಸಿ. ವಿಜಯವಾಡದ ಬಿಸಿಲಿಗೆ ಊರೆಲ್ಲ ಬೇಯುತ್ತಿದ್ದರೆ ಆ ಒಂದು ಕೋಣೆಯ ನೆಲ ಮಾತ್ರ ಕಾಲು ಜೋಮು ಹಿಡಿಯುವಷ್ಟು ತಣ್ಣಗಿರುತ್ತಿತ್ತು. ಯಂತ್ರಕ್ಕೆ ಸೆಕೆ ಆಗಬಾರದು. ಮನುಷ್ಯರಿಗೆ ಫ್ಯಾನು.

ನಾನು ಆ ಬ್ಯಾಂಕಿನಲ್ಲಿ ಕಸ ಗುಡಿಸುವವಳು. ಹುಟ್ಟಿದ್ದು ಚಳ್ಳಕೆರೆ ಕಡೆ. ಎರಡನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಮದುವೆ ಮಾಡಿ ತೆಲುಗು ಮಾತಾಡುವ ಮನೆಗೆ, ವಿಜಯವಾಡಕ್ಕೆ ಕೊಟ್ಟರು. ಗಂಡ ಅದೇ ಬ್ಯಾಂಕಿನಲ್ಲಿ ಜವಾನ. ಕುಡಿತಕ್ಕೆ ಸತ್ತ. ಅವನ ಮುಖ ನೋಡಿ ನನ್ನನ್ನು ತಾತ್ಕಾಲಿಕ ಅಂತ ಸೇರಿಸಿಕೊಂಡರು. ಖಾಯಂ ಮಾಡುತ್ತೇವೆ ಅಂತ ಬಂದ ಬಂದ ಮ್ಯಾನೇಜರೆಲ್ಲ ಹೇಳಿದರು, ಹೇಳಿ ವರ್ಗ ಆಗಿ ಹೋದರು. ಭವಾನಿಪುರಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮಗಳು ಶಾಲೆಗೆ ಹೋಗುತ್ತಿದ್ದಳು. ಆ ಕೆಲಸ ಹೋದರೆ ಇಬ್ಬರೂ ಅತ್ತೆಯ ಮನೆಯ ಹಿತ್ತಲಿಗೆ ಹೋಗಿ ಬೀಳಬೇಕು. ಅಲ್ಲಿಗೆ ಹೋಗುವುದಕ್ಕಿಂತ ಕೃಷ್ಣಾ ನದಿ ಹತ್ತಿರ ಇತ್ತು. ಅಷ್ಟು ಹೇಳಿದರೆ ಸಾಕು.

ಮೇಡಂ ನಮ್ಮ ಬ್ರಾಂಚಿನವರಲ್ಲ. ಧಾರವಾಡದವರು, ವರ್ಗವಾಗಿ ವಿಶಾಖಪಟ್ಟಣದ ದೊಡ್ಡ ಆಫೀಸಿಗೆ ಬಂದಿದ್ದರು. ಕಂಪ್ಯೂಟರ್ ಇರುವ ಬ್ರಾಂಚುಗಳಲ್ಲಿ ಎಲ್ಲಿ ಯಂತ್ರ ನಿಂತರೂ ಅವರನ್ನೇ ಕಳಿಸುತ್ತಿದ್ದರು. ಬೆಳಗಿನ ರೈಲಿಗೆ ಇಳಿದು, ಸ್ಟೇಷನ್ನಿನಲ್ಲೇ ಮುಖ ತೊಳೆದು, ನೆಟ್ಟಗೆ ಬ್ಯಾಂಕಿಗೆ ಬರುತ್ತಿದ್ದರು. ಹೆಗಲಿಗೆ ಒಂದು ಖಾಕಿ ಚೀಲ. ಅದರಲ್ಲಿ ಹೋಲ್ಡರಿಗೆ ಸಿಕ್ಕಿಸಿದ ಒಂದು ಬಲ್ಬು, ವೈರು, ಇಕ್ಕಳ, ಒಣ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಒಟ್ಟಿಗೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಗಂಡ ಹುಬ್ಬಳ್ಳಿಯಲ್ಲಿ ಬೇರೆ ಬ್ಯಾಂಕಿನಲ್ಲಿದ್ದರು. ವರ್ಷಕ್ಕೆ ನಾಲ್ಕು ಸಲ ಕಾಣುತ್ತೇವೆ, ಅದಕ್ಕೇ ಜಗಳ ಇಲ್ಲ ಅನ್ನುತ್ತಿದ್ದರು.

ಆ ಮೊದಲ ದಿನವೇ, ನಗುವುದಕ್ಕೆ ಮೊದಲು ನಾನು ಪೊರಕೆ ಹಿಡಿದುಕೊಂಡು ಕನ್ನಡದಲ್ಲಿ ಗೊಣಗಿದ್ದು ಕೇಳಿ ಅವರಿಗೆ ಗೊತ್ತಾಯಿತು ನಾನು ಯಾವ ಕಡೆಯವಳು ಅಂತ. ಅವತ್ತಿನಿಂದ ನನ್ನನ್ನು 'ಅಕ್ಕಾರ' ಅಂದರು. ಬ್ಯಾಂಕಿನಲ್ಲಿ ಎಲ್ಲರೂ ನನ್ನನ್ನು 'ಏಮಮ್ಮಾ' ಅನ್ನುತ್ತಿದ್ದರು, ಅವಸರ ಇದ್ದಾಗ ಬರೀ 'ಏಯ್'. ಮೇಡಂ ಹಾಗೆ ಮರ್ಯಾದೆಯಿಂದ ಕರೆದದ್ದು ನನ್ನ ಮೇಲಿನ ಪ್ರೀತಿಗೆ ಅಂತ ತಿಳಿದುಕೊಂಡಿದ್ದೆ. ಆಮೇಲೆ ನೋಡಿದರೆ ಹೊರಗೆ ಕಡಲೆಕಾಯಿ ಮಾರುವವಳಿಗೂ ಅಕ್ಕಾರ. ಜಗಳ ಆಡುವಾಗಲೂ ಅಕ್ಕಾರ.

ತುಂಬ ಒಳ್ಳೆಯ ಸ್ವಭಾವ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೂಗಿನ ತುದಿಯಲ್ಲಿ ಸಿಟ್ಟು. ನನ್ನ ಚಹಾ ಅವರಿಗೆ ಯಾವತ್ತೂ ಹಿಡಿಸಲಿಲ್ಲ, ಆದರೂ ತಟ್ಟೆಗೆ ಸುರಿದುಕೊಂಡು ಸೊರ್ ಅಂತ ಕುಡಿದು ಮುಗಿಸುತ್ತಿದ್ದರು. "ಇದಕ್ಕ ಚಹಾ ಅಂತೀರಿ, ಧೈರ್ಯ ಮೆಚ್ಚಬೇಕು" ಅನ್ನುತ್ತಿದ್ದರು. ಒಂದು ದಿನ ರಾಗಿ ಮುದ್ದೆ ಕಟ್ಟಿಕೊಂಡು ಹೋಗಿದ್ದೆ. ಅಗಿಯಲು ಹೋಗಿ ಒದ್ದಾಡಿದರು.

"ನುಂಗಬೇಕು ಕಣಮ್ಮಾ, ಅಗೀಬಾರ್ದು" ಅಂದೆ.

"ಹಲ್ಲು ಯಾಕ ಕೊಟ್ಟಾನ ಹಂಗಾದ್ರ ದೇವರು ನಿಮಗ? ಬರೇ ಬೈಲಿಕ್ಕೇನು?"

ಯಂತ್ರದ ಮುಂದೆ ಮಾತ್ರ ಬೇರೆ ಹೆಂಗಸು. ಗುಂಡಿ ಒತ್ತಿದ ಮೇಲೆ ಯಾರೂ ಮಾತಾಡಬಾರದು. ಡಬ್ಬಕ್ಕೆ ಕಿವಿ ಕೊಟ್ಟು ಕೂರುವರು, ಗರ್ ಅನ್ನುವುದು ಎಲ್ಲಿ ನಿಂತಿತು, ಎಲ್ಲಿ ಮತ್ತೆ ಶುರುವಾಯಿತು ಅಂತ. ಯಾರಾದರೂ ಬಂದು "ಮೇಡಂ, ಡಿಸ್ಕ್ ಹೋಗಿರಬೇಕು" ಅಂದರೆ, "ಇರಬೇಕು ಅಂತ ಹೇಳಲಿಕ್ಕೆ ನಾ ಅಷ್ಟು ದೂರದಿಂದ ಬರಬೇಕೇನ್ರಿ? ಅದನ್ನ ನೀವ ಹೇಳಿಬಿಟ್ಟೀರಲ್ಲ" ಅನ್ನುವರು. ಎರಡು ಕೆಲಸ ಒಟ್ಟಿಗೆ ಮಾಡಲು ಬಿಡುತ್ತಿರಲಿಲ್ಲ. "ಒಂದ್ ಸಲಕ್ಕ ಒಂದ ತೆಗೀರಿ. ಎರಡು ತೆಗೆದ್ರ, ಯಾವುದರಿಂದ ಛಲೋ ಆತು ಅಂತ ನಿಮ್ಮಜ್ಜ ಬಂದು ಹೇಳ್ತಾನೇನು?" ಇದನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ತೆಲುಗಿನವರ ಹತ್ತಿರ ತೆಲುಗಿನಲ್ಲೇ ಹೇಳಲು ಹೋಗುತ್ತಿದ್ದರು. ಅದು ಎಂಥ ತೆಲುಗು ಅಂದರೆ ಪ್ರತಿ ಮಾತಿನ ಬಾಲಕ್ಕೂ ಧಾರವಾಡದ 'ರೀ' ಸಿಕ್ಕಿಸಿದ್ದು. ನೋಡಿ, ಕೇಳಿ ಅನ್ನಲು "ಚೂಡಂಡ್ರೀ, ವಿನಂಡ್ರೀ" ಅಂದಾಗ ಕೌಂಟರಿನ ಹುಡುಗಿಯರು ತಲೆ ಬಗ್ಗಿಸಿ ನಗುತ್ತಿದ್ದರು.

ಈಗ ಆ ಬೇಸಗೆಯ ವಿಷಯ.

ನಮ್ಮ ಬ್ಯಾಂಕಿನ ಹಿಂದೆ ಒಂದು ಅಂಗಳ. ಅದರ ನೈರುತ್ಯ ಮೂಲೆಯಲ್ಲಿ ಒಂದು ಗುಂಡಿ ಇತ್ತು. ಸುತ್ತ ಸಿಮೆಂಟಿನ ಬಳೆ, ಮೇಲೊಂದು ಕಬ್ಬಿಣದ ಮುಚ್ಚಳ. ಕಂಪ್ಯೂಟರ್ ತಂದವರೇ ತೋಡಿದ್ದಂತೆ. ಯಾಕೆ ಅಂತ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಆ ಸಲ ಬಂದ ಮ್ಯಾನೇಜರು ಗುಂಟೂರು ಕಡೆಯವರು. ಕೆಟ್ಟವರಲ್ಲ, ಹೆದರುಪುಕ್ಕಲು. ಬ್ರಾಂಚಿನ ಠೇವಣಿ ಏರುತ್ತಿಲ್ಲ ಅಂತ ಮೇಲಿನವರು ದಿನಾ ಫೋನಿನಲ್ಲಿ ಬೈಯುತ್ತಿದ್ದರು. ಆಗ ಆ ಊರಿನಲ್ಲಿ ವಾಸ್ತುವಿನ ಹುಚ್ಚು. ಇದ್ದ ಬಾಗಿಲು ಮುಚ್ಚಿ ಇಲ್ಲದ ಕಡೆ ಬಾಗಿಲು ಒಡೆಯುತ್ತಿದ್ದರು. ಪಕ್ಕದ ಮನೆಯವರೊಬ್ಬರು ಮೆಟ್ಟಿಲನ್ನೇ ಕಿತ್ತು ಆರು ತಿಂಗಳು ಏಣಿ ಹತ್ತಿದರು. ನಮ್ಮ ಮ್ಯಾನೇಜರೂ ಒಬ್ಬ ವಾಸ್ತು ಪಂಡಿತನನ್ನು ಕರೆಸಿದರು. ಅವನು ಹಿತ್ತಲೆಲ್ಲ ಸುತ್ತಿ ಆ ಗುಂಡಿಯ ಮುಂದೆ ನಿಂತು ಮೂಗಿನ ಮೇಲೆ ಬೆರಳಿಟ್ಟ. ನೈರುತ್ಯದಲ್ಲಿ ಗುಂಡಿ ಇದ್ದರೆ ಯಜಮಾನನಿಗೇ ಗಂಡಾಂತರ ಅಂದ. ಮಾರನೇ ದಿನವೇ ಗಾರೆಯವನು ಬಂದು ಕಲ್ಲು ತುಂಬಿ, ಸಿಮೆಂಟು ಸುರಿದು, ಮೇಲೆ ಹೂವಿನ ಟೈಲ್ಸು ಕೂರಿಸಿ ಹೋದ. ಸಂಕ್ರಾಂತಿ ಆದ ಮೇಲೆ ಅದು.

ಯುಗಾದಿ ಕಳೆದು ಬಿಸಿಲು ಏರಿತು. ಆಗ ಯಂತ್ರ ನಿಲ್ಲಲು ಶುರುವಾಯಿತು.

ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಗಾಜಿನ ಮೇಲೆ ಹಸಿರು ಅಕ್ಷರ ಒಂದರ ಕೆಳಗೊಂದು ಇಳಿಯುತ್ತಾ ಬರುವುದು, ಅರ್ಧಕ್ಕೆ ಬಂದು ತಟ್ಟನೆ ನಿಲ್ಲುವುದು. ಕಣ್ಣು ಮಿಟುಕಿಸುವ ಒಂದು ಸಣ್ಣ ಗೆರೆ ಇರುತ್ತಿತ್ತಲ್ಲ, ಅದೂ ಮಿಟುಕಿಸುತ್ತಿರಲಿಲ್ಲ. ಯಾವ ಬಟನ್ ಕುಟ್ಟಿದರೂ ಇಲ್ಲ. ಆರಿಸಿ ಹಾಕು, ಆರಿಸಿ ಹಾಕು. ಕೌಂಟರಿನಲ್ಲಿ ಜನ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಮಧ್ಯೆ ಒಂದು ಸಂಜೆ ಗುಡುಗಿ ದೊಡ್ಡ ಮಳೆ ಬಿತ್ತು. ಮಾರನೇ ಬೆಳಿಗ್ಗೆ ಯಂತ್ರ ಏನೂ ಆಗದವರ ಹಾಗೆ ಎದ್ದಿತು. ಮ್ಯಾನೇಜರು ತಾವು ಒಡೆಸಿದ ತೆಂಗಿನಕಾಯಿಯ ಫಲ ಅಂದುಕೊಂಡರು. ಬಿಸಿಲು ಬಂತು, ಮತ್ತೆ ನಿಂತಿತು.

ಕಂಪನಿಯಿಂದ ಒಬ್ಬ ಇಂಜಿನಿಯರು ಬಂದ. ಡಬ್ಬ ಬಿಚ್ಚಿದ, ಊದಿದ, ಮುಚ್ಚಿದ. ಏನೂ ಸಿಗಲಿಲ್ಲ. ಸಿಗಲಿಲ್ಲ ಅಂತ ಹೇಳಿ ಹೋಗಲು ಅವನಿಗೆ ಮನಸ್ಸಿಲ್ಲ. ನೆಲ ಮುಟ್ಟಿ ನೋಡಿ, "ತೇವ ಇದೆ. ಒರೆಸುವಾಗ ವೈರಿಗೆ ನೀರು ಹೋಗಿರಬೇಕು" ಅಂದ. ಮುಗಿಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಳಗೆ ಹೋಗುವವಳು ಯಾರು? ಬಟ್ಟೆ ಹಿಡಿದು ಆ ನೆಲ ಒರೆಸುವವಳು ಯಾರು?

ಮ್ಯಾನೇಜರು ಕರೆಸಿ, "ಏಮಮ್ಮಾ, ನೀಳ್ಳು ಪೋಶಾವಾ ಲೋಪಲ?" ಅಂತ ಕೇಳಿದರು. ಒಳಗೆ ನೀರು ಸುರಿದೆಯಾ ಅಂತ.

"ನಾನ್ಯಾಕೆ ಸುರೀಲಿ ಸಾರ್? ಹಿಂಡಿದ ಬಟ್ಟೇಲಿ ಒರೆಸ್ತೀನಿ" ಅಂತ ತೆಲುಗಿನಲ್ಲಿ ಹೇಳಿದೆ.

ಕೌಂಟರಿನವರು ನನ್ನ ಕೈಯಲ್ಲಿದ್ದ ಬಕೆಟ್ಟನ್ನು ನೋಡಿದರು. ಸೋಮವಾರ ವಿಶಾಖಪಟ್ಟಣದ ಮೇಡಂ ಬರುತ್ತಾರೆ, ಕಾರಣ ಬರೆದು ಕೊಡುತ್ತಾರೆ, ಅದು ಬಂದ ಮೇಲೆ ನೀನು ಬರುವುದು ಬೇಡ ಅಂದರು ಮ್ಯಾನೇಜರು. ಖಾಯಂ ಆಗುವವರ ಸಾಲಿನಲ್ಲಿ ಆ ವರ್ಷ ನನ್ನ ಹೆಸರು ಇತ್ತು. ಅದೂ ಹೋಯಿತು ಅಂತ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಮನೆಗೆ ಹೋಗಿ ಮಗಳಿಗೆ ಏನೂ ಹೇಳದೆ ಅನ್ನಕ್ಕೆ ಇಟ್ಟೆ.

ಸೋಮವಾರ ಮೇಡಂ ಬಂದರು. ಚಪ್ಪಲಿ ಬಿಟ್ಟರು, ಕಾಲುಚೀಲ ಏರಿಸಿದರು. ನನ್ನ ಕಡೆ ನೋಡಲಿಲ್ಲ. ಮ್ಯಾನೇಜರು ಹಿಂದಿನಿಂದಲೇ ಶುರು ಮಾಡಿದರು: ನೀರು ಹೋಗಿದೆ, ನೀವು ಹಾಗೆ ಬರೆದು ಕೊಟ್ಟರೆ ಸಾಕು, ಮುಂದಿನದು ನಾನು ನೋಡಿಕೊಳ್ಳುತ್ತೇನೆ.

"ಕಾರಣ ಬರೀಲಿಕ್ಕೆ ಕಾರಣ ಸಿಗಬೇಕಲ್ರೀ ಸಾರ್. ಸಿಕ್ಕ ಮ್ಯಾಲೆ ಬರೀತೇನಿ. ಈಗ ಬಾಗಿಲಾ ಹಾಕ್ಕೊಂಡು ಹೋಗ್ರಿ."

ನಾನು ಬಾಗಿಲ ಹೊರಗೆ ಗಾಜಿನಲ್ಲಿ ನೋಡುತ್ತಾ ನಿಂತೆ. ಒಬ್ಬೊಬ್ಬರ ಮೇಜಿಗೆ ಹೋಗುವ ವೈರನ್ನು ಒಂದೊಂದೇ ಕಿತ್ತರು. ಒಂದು ಕಿತ್ತು, ಯಂತ್ರ ಎಬ್ಬಿಸಿ ನೋಡುವರು. ನಿಲ್ಲುವುದು. ಇನ್ನೊಂದು. ನಿಲ್ಲುವುದು. ಪ್ರಿಂಟರ್ ತೆಗೆದರು. ಕೊನೆಗೆ ದೊಡ್ಡ ಡಬ್ಬ ಒಂದೇ ಒಂಟಿಯಾಗಿ ಉಳಿಯಿತು. ಅದೂ ನಿಂತಿತು. ಆಗ ಅವರು ಹಣೆಯಿಂದ ಸ್ಟಿಕ್ಕರ್ ಬಿಂದಿ ಕಿತ್ತು, ಅಕ್ಷರ ಎಲ್ಲಿಗೆ ನಿಂತಿತ್ತೋ ಆ ಸಾಲಿನ ಪಕ್ಕ ಗಾಜಿಗೆ ಅಂಟಿಸಿದರು. ಆರಿಸಿ ಮತ್ತೆ ಹಾಕಿದರು. ಈ ಸಲ ಬಿಂದಿಗಿಂತ ಬಹಳ ಮೇಲೇ ನಿಂತುಬಿಟ್ಟಿತು. ಮತ್ತೆ ಹಾಕಿದರು. ಬಿಂದಿ ದಾಟಿ ಕೆಳಗೆ ಬಂದು ನಿಂತಿತು. ಬೋಳು ಹಣೆಯಲ್ಲಿ ಅದನ್ನೇ ನೋಡುತ್ತಾ ಕೂತರು.

ಊಟದ ಹೊತ್ತಿಗೆ ಹೊರಗೆ ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿದರು. "ಯಂತ್ರದ ಒಳಗ ರೋಗ ಇದ್ರ ದಿನಾ ಒಂದ ಕಡೆ ನಿಲ್ಲಬೇಕ್ರಿ ಅಕ್ಕಾರ. ಇದು ಮನಸಿಗೆ ಬಂದಲ್ಲೆ ನಿಲ್ತದ. ಹೊರಗಿನಿಂದ ಯಾರೋ ಕಾಡ್ಲಿಕ್ಕತ್ಯಾರ ಇದಕ್ಕ."

"ನಾನಂತೂ ಅಲ್ಲ ಕಣಮ್ಮಾ."

ಅದಕ್ಕೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಚಟ್ನಿ ನೆಕ್ಕಿ, "ನಡುವ ಒಂದಿನ ಛಲೋ ಎದ್ದಿತ್ತಂತಲ್ಲ, ಅವತ್ತು ಏನಿತ್ತು?" ಅಂದರು. ಗೇಟು ಕಾಯುವ ತಾತ ಹಿಂದಿನ ದಿನ ಮಳೆ ಬಂದಿತ್ತು ಅಂತ ನೆನಪು ಮಾಡಿಕೊಂಡು ಹೇಳಿದ. ಮೇಡಂ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾಳೆ ನೀವು ಬರೋದರೊಳಗ ನಾ ಬಂದಿರ್ತೇನಿ. ಯಂತ್ರ ಛಲೋ ಇದ್ದಾಗ ನೀವು ಮುಂಜಾನೆ ಬಂದು ಏನೇನ್ ಮಾಡ್ತಿದ್ರಿ, ಅದನ್ನಷ್ಟೂ ಮಾಡಿ ತೋರಸ್ರಿ. ಈಗ ಮಾಡೋದಲ್ಲ, ಆಗ ಮಾಡ್ತಿದ್ದದ್ದು. ಬಾಯಿಲೆ ಹೇಳಬ್ಯಾಡ್ರಿ. ಮಾಡ್ರಿ."

ಮಾರನೇ ದಿನ ಗೇಟಿನಲ್ಲೇ ಇದ್ದರು. ನಾನು ಬೀಗ ತೆಗೆದೆ, ಅವರು ಹಿಂದೆ. ಗುಡಿಸಿದೆ, ಅವರು ಹಿಂದೆ. ಮದುವೆ ಹೆಣ್ಣಿನ ಹಿಂದೆ ಸೋದರತ್ತೆ ಬಂದ ಹಾಗೆ. ನನಗೆ ಕೈ ಓಡಲಿಲ್ಲ. ಬಟ್ಟೆ ಹಿಂಡಿದಾಗ ಬಗ್ಗಿ ತಾವೂ ಆ ಬಟ್ಟೆ ಹಿಂಡಿ ನೋಡಿದರು. ಹನಿ ಬೀಳಲಿಲ್ಲ. ಕಂಪ್ಯೂಟರ್ ಕೋಣೆ ಒರೆಸಿದೆ. ಮೊಣಕಾಲೂರಿ ಮೇಜಿನ ಕೆಳಗೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನಾನು ಬಕೆಟ್ ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋದೆ. ನೆಟ್ಟಗೆ ನೈರುತ್ಯ ಮೂಲೆಗೆ ಹೋಗಿ ಹೂವಿನ ಟೈಲ್ಸಿನ ಮುಂದೆ ನಿಂತೆ.

"ಇಲ್ಯಾಕ ನಿಂತ್ರಿ?"

"ಆಗ ಇಲ್ಲೇ ಸುರೀತಿದ್ದೆ ಕಣಮ್ಮಾ, ಆ ಗುಂಡೀಗೆ. ಈಗ ಮುಚ್ಚವ್ರೆ. ಬೀದಿ ಮೋರಿಗೆ ಹೊತ್ಕಂಡು ಹೋಗ್ತೀನಿ."

"ದಿನಾ ಸುರೀತಿದ್ರಿ?"

"ದಿನಾ. ರಜ ಬಿಟ್ಟು."

"ಯಾರು ಹೇಳಿದ್ರು ನಿಮಗ, ಅದಕ್ಕ ನೀರು ಹಾಕ್ರಿ ಅಂತ?"

"ಯಾರು ಹೇಳ್ತಾರೆ? ಮೋರಿ ದೂರ, ಸೊಂಟ ನೋವು. ಮುಚ್ಚಳ ಸರಿಸಿ ಸುರಿದುಬಿಡ್ತಿದ್ದೆ."

ಮೇಡಂ ಟೈಲ್ಸಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿದರು. ಆಮೇಲೆ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಬಕೆಟ್ ಹಿಡಿದುಕೊಂಡು ನಿಂತೇ ಇದ್ದೆ. ನನ್ನ ಅನ್ನದ ವಿಷಯ, ಇವರಿಗೆ ನಗು.

ಒಳಗೆ ಹೋಗಿ ಖಾಕಿ ಚೀಲದಿಂದ ಬಲ್ಬು ತೆಗೆದರು. ಅದಕ್ಕೆ ಎರಡು ವೈರು. ಒಂದನ್ನು ಕರೆಂಟಿಗೆ ಕೊಟ್ಟರು, ಇನ್ನೊಂದನ್ನು ಆ ಗುಂಡಿಯಿಂದ ಬರುವ ತಂತಿಗೆ ಮುಟ್ಟಿಸಿದರು. ಬಲ್ಬು ಬೀಡಿಯ ತುದಿಯ ಹಾಗೆ ಕೆಂಪಗೆ ಕಂಡಿತು, ಅಷ್ಟೇ. ಆಮೇಲೆ ಕಿಟಕಿಯಿಂದ ಒಂದು ಉದ್ದ ವೈರು ಎಳೆಸಿ ಅಂಗಳದ ಬೋರಿಂಗಿನ ಕಬ್ಬಿಣದ ಕೊಳವೆಗೆ ಸುತ್ತಿದರು. ಅದರ ಈಚೆ ತುದಿಗೆ ಬಲ್ಬಿನ ವೈರು ಮುಟ್ಟಿಸಿದ ಕೂಡಲೇ ಕೋಣೆಯೆಲ್ಲ ಬೆಳಕಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ನೋಡ್ರಿ ಅಕ್ಕಾರ. ಯಂತ್ರಕ್ಕ ಬ್ಯಾಡಾದ ಕರೆಂಟು ಭೂಮಿಗೆ ಹೋಗಲಿಕ್ಕೆ ಒಂದು ದಾರಿ ಬೇಕು. ಆ ಗುಂಡಿ ಅದಕ್ಕ ತೋಡಿದ್ದು. ಒಳಗ ಉಪ್ಪು, ಇದ್ದಲಿ ಹಾಕಿರ್ತಾರ. ಹಸಿ ಇದ್ರ ದಾರಿ ತೆರೆದಿರ್ತದ, ಒಣಗಿದ್ರ ಬಂದ್. ದಿನಾ ನೀರು ಹಾಕ್ರಿ ಅಂತ ಕಂಪನಿಯವರು ಯಾರಿಗೋ ಹೇಳಿರ್ತಾರ, ಅವರು ಮರ್ತಿರ್ತಾರ. ನೀವು ಸೊಂಟ ನೋವಿಗೆ ಹಾಕಿದ್ರಿ. ಇಷ್ಟು ದಿವಸ ಇದು ಎದ್ದಿದ್ದ ಅದರಿಂದ."

ಬೋರಿಂಗಿನ ವೈರನ್ನು ಯಂತ್ರಕ್ಕೆ ಕೊಟ್ಟು ಸ್ವಿಚ್ಚು ಒತ್ತಿದರು. ಹಸಿರು ಅಕ್ಷರ ಇಳಿಯುತ್ತಾ ಬಂದವು. ಬಿಂದಿಯ ಹತ್ತಿರ ಬಂದವು, ದಾಟಿದವು, ಗಾಜಿನ ಬುಡಕ್ಕೆ ಬಂದವು. ಆ ಸಣ್ಣ ಗೆರೆ ಮಿಟುಕಿಸುತ್ತಾ ನಿಂತಿತು, ಏನು ಬೇಕು ಕೇಳು ಅನ್ನುವ ಹಾಗೆ. ಮೇಡಂ ಆರಿಸಿದರು. ಬೋರಿಂಗಿನ ವೈರು ಕಿತ್ತು ಯಂತ್ರ ಎಬ್ಬಿಸಿ ನೋಡಿದರು. ನಿಂತುಹೋಯಿತು. ವೈರು ಕೊಟ್ಟರು, ಎದ್ದಿತು. ಹೀಗೆ ಮಾಡಿದ್ದನ್ನೇ ಮಾಡುತ್ತಿದ್ದರು. "ಎದ್ದಿತಲ್ಲಮ್ಮಾ, ಬಿಡಿ ಇನ್ನ" ಅಂದೆ. "ಒಮ್ಮೆ ಎದ್ದದ್ದು ಮಳಿಗೂ ಎದ್ದಿತ್ತು" ಅಂದರು.

ಮ್ಯಾನೇಜರ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಬಾಗಿಲಿಗೆ ಒರಗಿ ನಿಂತೆ. ಈಗ ಇವರು ಆ ಮನುಷ್ಯನ ಮಾನ ಕಳೆಯುತ್ತಾರೆ, ನಾನು ಕಣ್ಣು ತುಂಬಾ ನೋಡುತ್ತೇನೆ ಅಂತ ನನ್ನ ಆಸೆ. ಅದು ಆಗಲಿಲ್ಲ. ಮೇಡಂ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮ್ಯಾನೇಜರ ಮುಖ ಬಿಳಿಚಿತು. ಗುಂಡಿ ಮುಚ್ಚಿದ್ದು ಯಾರ ಅಪ್ಪಣೆಯ ಮೇಲೆ ಅಂತ ಮೇಲಿನವರು ಕೇಳುತ್ತಾರೆ. ತೆರೆದರೆ ಪಂಡಿತ ಹೇಳಿದ ಗಂಡಾಂತರ. ಎರಡು ಕಡೆಯೂ ಸಿಕ್ಕಿಬಿದ್ದಿದ್ದರು. "ಮೇಡಂ, ಆ ಮೂಲೆ ಮಾತ್ರ ತೆಗೆಸಬೇಡಿ, ನನಗೆ ಮಕ್ಕಳಿದ್ದಾರೆ" ಅಂದರು. ಹಾಗೆ ಅಂದದ್ದನ್ನು ನನ್ನ ಕಿವಿಯಿಂದ ಕೇಳಿದೆ.

"ತೆಗಸೋದ ಬ್ಯಾಡ್ರೀ ಸಾರ್" ಅಂದರು ಮೇಡಂ ಆ ಅರೆ ತೆಲುಗಿನಲ್ಲಿ. "ಮುಚ್ಚಿದ್ದು ಮುಚ್ಚೇ ಇರ್ಲಿ. ನೀರು ಎಲ್ಲಿದ್ರ ಛಲೋ ಅಂತಾರ ನಿಮ್ಮ ಪಂಡಿತರು?"

"ಈಶಾನ್ಯಂ. ಅದಿ ನೀಟಿ ಸ್ಥಾನಂ ಕದಾ" ಅಂದರು ಮ್ಯಾನೇಜರು. ಅದು ನೀರಿನ ಜಾಗ ಅಂತ. ಹೇಳುತ್ತಾ ಹೇಳುತ್ತಾ ಅವರ ಮುಖದ ಬಣ್ಣ ಮರಳಿತು.

"ಹಂಗಾದ್ರ ಈಶಾನ್ಯದಾಗ ಹೊಸದು ತೋಡಸ್ರಿ. ದಿನಾ ಹಸಿ ಇರ್ತದ, ನಿಮಗೂ ಶುಭ, ನನ್ನ ಯಂತ್ರಕ್ಕೂ ಶುಭ. ಆದರ ನೀರು ಹಾಕೋರು ಖಾಯಂ ಮನಷ್ಯಾರು ಇರಬೇಕು. ತಾತ್ಕಾಲಿಕದವರು ನಾಳೆ ಬರದಿದ್ರ ಮತ್ತ ನಾನ ಬರಬೇಕಾಗ್ತದ. ನನಗ ನಿಮ್ಮೂರ ಬಿಸಿಲು ಆಗಂಗಿಲ್ಲ."

ಆ ವಾರವೇ ಈಶಾನ್ಯದಲ್ಲಿ ಗುಂಡಿ ತೋಡಿದರು. ಉಪ್ಪು, ಇದ್ದಲಿ ಬಿತ್ತು. ಅದೇ ವಾಸ್ತು ಪಂಡಿತನೇ ಬಂದು ಪೂಜೆ ಮಾಡಿ, ಈ ಜಾಗ ತೋರಿಸಿದ್ದು ತಾನೇ ಅನ್ನುವ ಹಾಗೆ ಶಾಲು ಹೊದ್ದು ಹೋದ. ಮೊದಲ ಕೊಡ ನೀರು ನನ್ನ ಕೈಯಿಂದ ಹಾಕಿಸಿದರು. ಮ್ಯಾನೇಜರು ನನ್ನ ಹತ್ತಿರ ತಪ್ಪಾಯಿತು ಅಂತ ಹೇಳಲಿಲ್ಲ. ಪ್ರಸಾದದ ಲಡ್ಡು ಎರಡು ಕೊಟ್ಟರು. ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನನ್ನು ಖಾಯಂ ಮಾಡಿದ ಆರ್ಡರ್ ಬಂತು. ಅತ್ತೆಯ ಹಿತ್ತಲು ತಪ್ಪಿತು.

ಬ್ಯಾಂಕಿನಲ್ಲಿ ಮಾತು ಬಂದೇ ಬಂತು. "ಇಬ್ಬರೂ ಕನ್ನಡದವರು. ತಮ್ಮವಳು ಅಂತ ಉಳಿಸಿಕೊಂಡರು" ಅಂತ. ನನಗೆ ಅದರಿಂದ ಬೇಸರ ಆಗಲಿಲ್ಲ. ಹೌದು, ನನ್ನವರು ಅಂತ ಇಷ್ಟು ದೂರದ ಊರಿನಲ್ಲಿ ಒಬ್ಬರಿದ್ದಾರೆ ಅಂತ ಒಳಗೊಳಗೇ ಬೀಗಿದೆ.

ಮುಂದೆ ಮಗಳನ್ನು ವಿಶಾಖಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟೆ. ಖಾಯಂ ಆದವಳಲ್ಲವೇ, ವರ್ಗ ಕೇಳುವ ಹಕ್ಕು ಇತ್ತು. ಕೇಳಿದೆ, ಕೊಟ್ಟರು. ಊರ ಅಂಚಿನ ಮಧುರವಾಡ ಆಗ ಹೊಲಗದ್ದೆ, ಗೋಡಂಬಿ ಗಿಡ. ಅಲ್ಲಿ ಮಗಳ ಮನೆಯ ಹತ್ತಿರವೇ ಉಳಿದೆ. ಮೇಡಂ ಅದೇ ಊರಿನಲ್ಲಿ ಇದ್ದರು. ಕೆಲವು ಭಾನುವಾರ ಬರುತ್ತಿದ್ದರು. ನನ್ನ ಮಗಳು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದಳು, ಮೇಡಂ ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬರುತ್ತಿದ್ದರು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು ಅಂತ ನನಗೆ ನಂಬಿಕೆ ಇಲ್ಲ. ಒಂದು ಸಲ ಋಷಿಕೊಂಡದ ಸಮುದ್ರಕ್ಕೆ ಹೋದೆವು. ಜನ ಎಲ್ಲ ನೀರಿನ ಕಡೆ ಮುಖ ಮಾಡಿ ಕೂತರೆ ಮೇಡಂ ಬೆನ್ನು ಮಾಡಿ ಕೂತು ಜೋಳ ತಿಂದರು. "ಚಂದ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಈ ಉಪ್ಪಿನ ಹವಾ ನನ್ನ ಯಂತ್ರಗಳನ್ನ ತಿಂತದ. ಅದರ ಮಾರಿ ನೋಡಲಿಕ್ಕೆ ಮನಸಾಗಂಗಿಲ್ಲ" ಅಂದರು.

ಆಮೇಲೆ ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ನಾನು ಚಿತ್ರಾನ್ನ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆ. ಬುತ್ತಿ ಬಿಚ್ಚಿ ಅಲ್ಲೇ ಒಂದು ತುತ್ತು ಬಾಯಿಗೆ ಹಾಕಿ, "ಉಪ್ಪು ಕಮ್ಮಿ ಅದ" ಅಂದರು. ರೈಲು ಹೊರಡಲು ಇನ್ನೂ ಹೊತ್ತಿತ್ತು. ಇಷ್ಟು ವರ್ಷ ಹೇಳದೆ ಇದ್ದದ್ದನ್ನು ಹೇಳಿಬಿಡೋಣ ಅಂತ, ಕಿಟಕಿಯ ಸರಳು ಹಿಡಿದುಕೊಂಡು ಹೇಳಿದೆ.

"ನಮ್ಮ ಭಾಷೆಯೋಳು, ಬಡವಿ, ಇವಳು ಅಂಥ ಕೆಲಸ ಮಾಡಲ್ಲ ಅಂತ ನಂಬಿ ಆವತ್ತು ಕೈ ಹಿಡಿದ್ರಿ. ಸಾಯೋಗಂಟ ಮರೆಯಲ್ಲ ಕಣಮ್ಮಾ."

ಅವರು ಬುತ್ತಿಯ ಮುಚ್ಚಳ ಹಾಕಿದರು. "ಯಾರು ಹೇಳಿದ್ರು ನಿಮಗ, ನಾ ನಂಬಿದ್ದೆ ಅಂತ?"

"ಮತ್ತೆ?"

"ಆವತ್ತು ರೈಲಿನಾಗ ಬರೋ ಮುಂದ ನಾನೂ ನಿಮ್ಮದ ತಪ್ಪು ಇರಬೇಕು ಅಂದ್ಕೊಂಡಿದ್ದೆ. ಅವಸರದಾಗ ಅರಿವಿ ಹಿಂಡಿರಂಗಿಲ್ಲ, ನೀರು ಹರಿದಿರ್ತದ ಅಂತ. ಅದಕ್ಕ ಮುಂಜಾನೆ ಬಂದು ಅರಿವಿ ಹಿಂಡಿ ನೋಡಿದ್ದು. ನೋಡಿದೆ. ಬ್ಯಾರೆ ಇತ್ತು."

"ನನ್ನದೇ ತಪ್ಪಾಗಿದ್ದಿದ್ರೆ?"

"ಹಂಗಂತ ಬರೀತಿದ್ದೆ."

ಅಷ್ಟೇ. ಮುಖದಲ್ಲಿ ಏನೂ ಇಲ್ಲ. ಇನ್ನೊಂದು ತುತ್ತು ತಿಂದರು. ರೈಲು ಅಲುಗಿತು, ಕೈ ಬೀಸಿದರು, ನಾನೂ ಬೀಸಿದೆ. ಬಸ್ಸಿನಲ್ಲಿ ಮಧುರವಾಡದವರೆಗೂ ನನಗೆ ಸಿಟ್ಟು. ಇಷ್ಟು ವರ್ಷ ಯಾರನ್ನು ನನ್ನವರು ಅಂದುಕೊಂಡಿದ್ದೆ ಅಂತ. ಮಗಳ ಹತ್ತಿರ ಹೇಳಿದರೆ ಅವಳಿಗೂ ಸಿಟ್ಟು ಬಂತು. ಸಿಟ್ಟು ಇಳಿಯಲು ಬಹಳ ದಿನ ಹಿಡಿಯಿತು.

ಮೇಡಂ ತೀರಿಹೋದ ಸುದ್ದಿ ನನಗೆ ಕನ್ನಡದ ಒಬ್ಬ ಗುಮಾಸ್ತನಿಂದ ತಿಳಿಯಿತು, ನಾನು ನಿವೃತ್ತಿಯಾದ ಮೇಲೆ. ಹೊಟ್ಟೆಯಲ್ಲಿ ಗಂಟು ಅಂತೆ. ತಿಥಿ ಎಲ್ಲ ಮುಗಿದುಹೋಗಿತ್ತು. ಅವತ್ತು ನಾನು ಊಟ ಬಿಡಲಿಲ್ಲ. ಬಿಟ್ಟಿದ್ದರೆ ಅವರೇ ಬೈಯುತ್ತಿದ್ದರು. ಊಟ ಮಾಡುತ್ತಾ ಯೋಚನೆ ಮಾಡಿದೆ.

ನನ್ನನ್ನು ನಂಬುವವರಿಗೆ ಬರ ಇರಲಿಲ್ಲ. ನನ್ನ ತಾಯಿ ನಂಬುತ್ತಿದ್ದಳು. ನಾನು ಕೊಡಗಟ್ಟಲೆ ನೀರು ಯಂತ್ರದ ತಲೆಯ ಮೇಲೆ ಸುರಿದಿದ್ದರೂ, ನನ್ನ ಮಗಳು ಅಂಥವಳಲ್ಲ ಅನ್ನುತ್ತಿದ್ದಳು. ಮಗಳೂ ಹಾಗೇ ಅನ್ನುತ್ತಾಳೆ. ಗೇಟಿನ ತಾತನೂ ನಂಬಿದ್ದ, ಪಾಪ. ಅವರನ್ನೆಲ್ಲ ಸಾಲಾಗಿ ಮ್ಯಾನೇಜರ ಮುಂದೆ ನಿಲ್ಲಿಸಿದ್ದರೆ ಅವರು ಒಬ್ಬೊಬ್ಬರಿಗೂ ಒಂದು ಲೋಟ ನೀರು ಕೊಟ್ಟು ಕಳಿಸುತ್ತಿದ್ದರು, ನನ್ನನ್ನೂ ಜೊತೆಗೆ. ಮೇಡಂ ನನ್ನನ್ನು ನಂಬಿರಲಿಲ್ಲ. ನಂಬದೆ ಇದ್ದರೂ ಬೆಳಗಾಗುವ ಮೊದಲು ಬಂದು, ನನ್ನ ಕೊಳೆ ಬಟ್ಟೆಯನ್ನು ತಮ್ಮ ಕೈಯಿಂದ ಹಿಂಡಿ ನೋಡಿದರು.